ಕಿವಿ ಹರಿದ ಬೆಕ್ಕು

“ಕೂತ್ಕೊಳ್ಳಿ ಪತ್ತೇದಾರಮ್ಮ, ಮಂಡಿ ಹಿಡ್ಕೊಂಡು ಎಷ್ಟು ಹೊತ್ತು ಅಂತ ನಿಲ್ತೀರಿ” ಎಂದು ಎಲ್ಲರೂ ಮಗ್ಗದ ಮಾವ ಎಂದು ಕರೆಯುವ ನೇಕಾರರು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು.

ಕೂತೆ. ಆಗಷ್ಟೇ ಮಹಡಿಯ ಮೇಲೆ ಕಾರ್ಖಾನೆಯ ಯಜಮಾನನ ಜತೆ ಗಂಟಲು ಹರಿದುಕೊಂಡು ಇಳಿದು ಬಂದಿದ್ದೆ. ಆ ಮರದ ಮೆಟ್ಟಿಲಿಗೂ ನನ್ನ ಮಂಡಿಗೂ ಮೊದಲ ದಿನದಿಂದಲೇ ಆಗಿಬರುವುದಿಲ್ಲ. ಹತ್ತುವಾಗ ಸಿಟ್ಟಿನ ಬಲ ಇತ್ತು, ಇಳಿಯುವಾಗ ಕಂಬಿಯೇ ಗತಿಯಾಗಿತ್ತು.

ಹಿಂದಿನದು ಒಂದೇ ಸಾಲಿನ ಕಥೆ. ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ ನೇಯುವ ಈ ಕಾರ್ಖಾನೆಯಲ್ಲಿ ಚಿತ್ರ ಬರೆದುಕೊಡುತ್ತಿದ್ದ ಹುಡುಗಿ ದಾರದ ಕೋಣೆಯಲ್ಲಿ, ಏಣಿಯ ಬುಡದಲ್ಲಿ, ತಲೆ ಒಡೆದು ಹೆಣವಾಗಿ ಸಿಕ್ಕಿದ್ದಳು. ಪೊಲೀಸರು ಜಾರಿ ಬಿದ್ದಳು ಎಂದು ಬರೆದುಕೊಂಡು ಕೈ ತೊಳೆದುಕೊಂಡಿದ್ದರು, ಅವಳ ಅಕ್ಕ ಒಪ್ಪದೆ ನನ್ನನ್ನು ಹಿಡಿದಿದ್ದಳು.

ಅಕ್ಕ ದರ್ಜಿ. ರಸ್ತೆಯ ಆಚೆ ಬದಿ, ಸರಿಯಾಗಿ ಎದುರಿಗೆ ಅವಳ ಅಂಗಡಿ. ತಾಯಿ ಇಲ್ಲದ ತಂಗಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಸಾಕಿದವಳು. ಮೊದಲ ದಿನ ನನ್ನ ಮುಂದೆ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಸಾಣೆ ಕಲ್ಲಿನ ಮೇಲೆ ಎಳೆಯುತ್ತಾ ಮಾತಾಡಿದಳು.

“ನನಗೆ ಕೋರ್ಟು ಬೇಡ, ಜೈಲು ಬೇಡ. ಹೆಸರು ಹೇಳಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಹೆಸರು ಗೊತ್ತಾದ ದಿನ ಮೊದಲು ನಿಮಗೆ, ಆಮೇಲೆ ಪೊಲೀಸರಿಗೆ ಎಂದು ನಾನು ಮಾತು ಕೊಟ್ಟೆ. ಪತ್ತೇದಾರಿಕೆ ಮಾಡುವವಳು ಹಾಗೆ ಮಾತು ಕೊಡಬಾರದು ಎಂದು ಯಾರಾದರೂ ನನಗೆ ಬುದ್ಧಿ ಹೇಳಬಹುದು. ಹೇಳಲಿ. ಆ ಹುಡುಗಿಯ ಹೆಣದ ಫೋಟೋ ನಾನು ನೋಡಿದ್ದೆ. ಮುಷ್ಟಿಯಲ್ಲಿ ನೀಲಿ ದಾರದ ಲಡಿ ಹಾಗೇ ಇತ್ತು. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯುವಾಗಲೆಲ್ಲ ಇದನ್ನು ಮಾಡಿದವನಿಗೆ ಇಳಿಯಬಾರದು ಎಂದುಕೊಳ್ಳುತ್ತಿದ್ದೆ. ಅಕ್ಕನ ಒಡಲ ಉರಿ ನನಗೂ ಹತ್ತಿತ್ತು.

ಮಧ್ಯಾಹ್ನವೇ ಅವಳಿಗೆ ಫೋನ್ ಮಾಡಿ, ಕೆಲಸ ಬಿಡುವ ಹೊತ್ತಿಗೆ ಇಲ್ಲಿಗೆ ಬನ್ನಿ, ಹೆಸರು ಹೇಳ್ತೀನಿ ಎಂದಿದ್ದೆ. ನನ್ನ ತಲೆಯಲ್ಲಿ ಆಗ ಇದ್ದದ್ದು ಯಜಮಾನನ ಹೆಸರು.

ಯಾಕೆಂದರೆ ಆ ಸಂಜೆ ಕಟ್ಟಡದೊಳಗೆ ಆ ಹುಡುಗಿಯನ್ನು ಬಿಟ್ಟರೆ ಇದ್ದವನು ಅವನೊಬ್ಬನೇ. ಅದಕ್ಕೆ ಸಾಕ್ಷಿ ನನ್ನ ತೊಡೆಯ ಮೇಲಿದ್ದ ಈ ಸ್ಪೀಕರ್.

ಅಂಗೈಯಗಲದ ವಸ್ತು. ಹಳೇ ಕಾಲದ ಟೀವಿಯ ಹಾಗೆ ಮಾಡಿದ್ದಾರೆ. ಮರದ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ, ಬದಿಯಲ್ಲಿ ತಿರುಗಿಸುವ ಎರಡು ಗುಂಡಿ, ಮೇಲೆ ಹಿಡಿದುಕೊಂಡು ಓಡಾಡಲು ಚರ್ಮದ ಪಟ್ಟಿ. ಬ್ಲೂಟೂತ್ ಮೂಲಕ ಫೋನಿನ ಹಾಡು ಇದರಲ್ಲಿ ಬರುತ್ತದೆ. ಮುಂದೆ ಟೀವಿಯ ಗಾಜು ಇರಬೇಕಾದ ಕಡೆ ಪುಟ್ಟ ಪುಟ್ಟ ಚೌಕದ ದೀಪಗಳು. ಫೋನಿನಲ್ಲಿ ಬೆರಳಿಟ್ಟು ಯಾವ ಚೌಕ ತುಂಬಿದರೆ ಇಲ್ಲಿ ಆ ಚೌಕ ಹೊತ್ತಿಕೊಳ್ಳುತ್ತದೆ. ಚೌಕ ತುಂಬಿ ಚಿತ್ರ ಮಾಡುವುದು ಆ ಹುಡುಗಿಗೆ ಹೊಟ್ಟೆಪಾಡು, ಇದು ಅವಳಿಗೆ ಆಟವಾಗಿತ್ತು.

ಇದನ್ನು ರಸ್ತೆಯ ಕಡೆಯ ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಇಡುತ್ತಿದ್ದಳು. ಹಗಲೆಲ್ಲ ಹಾಡು. ಸಂಜೆ ಕೆಲಸ ಮುಗಿಸಿ ಹಿಂಬಾಗಿಲಿನಿಂದ ಹೊರಡುವ ಮುಂಚೆ ಒಂದು ಬೆಕ್ಕು. ಕಣ್ಣು ಮುಚ್ಚಿದ ಬೆಕ್ಕು ಬಂತೆಂದರೆ ತಂಗಿ ಹೊರಟಳು, ಅಕ್ಕನೂ ಅಂಗಡಿ ಮುಚ್ಚಬಹುದು ಎಂದರ್ಥ. ಇಬ್ಬರೂ ಬೇರೆ ಬೇರೆ ಮನೆ ಮಾಡಿಕೊಂಡ ಮೇಲೆ ಶುರುವಾದ ರೂಢಿ ಇದು. ಬೆಕ್ಕನ್ನು ದಿನಾ ಹೊಸದಾಗಿ ಬರೆಯುತ್ತಿದ್ದಳು. ಯಜಮಾನ ಬೈದ ದಿನ ಬೆಕ್ಕಿನ ಮೀಸೆ ನೆಟ್ಟಗಾಗುತ್ತಿತ್ತು, ನೆಗಡಿಯಾದ ದಿನ ಮೂಗು ಕೆಂಪಗಾಗುತ್ತಿತ್ತು. ಮರುದಿನ ಅಳಿಸಿಬಿಡುತ್ತಿದ್ದಳು.

ಆ ಸಂಜೆ ಮಗ್ಗದ ಮಾವ ತಲೆನೋವು ಎಂದು ಬೇಗ ಹೊರಟರು. ಮುಂಬಾಗಿಲಿನಿಂದ ಹೋಗುತ್ತಾ ದರ್ಜಿಯ ಕಡೆ ಕೈಯೆತ್ತಿ ಹೋದರು. ಅವರು ರಸ್ತೆಯ ತಿರುವು ದಾಟಿದ ಮೇಲೆ ಕಿಟಕಿಯಲ್ಲಿ ಹಾಡು ನಿಂತಿತು, ಬೆಕ್ಕು ಬಂತು. ಅಕ್ಕ ಅದನ್ನು ನೋಡಿ ಅಂಗಡಿ ಮುಚ್ಚಿ ಮನೆಗೆ ಹೋದಳು. ಬೆಕ್ಕು ಬಂದಾಗ ಹುಡುಗಿ ಗಟ್ಟಿಯಾಗಿದ್ದಳು, ಕೆಳಗಿದ್ದಳು, ಮೇಲೆ ಯಜಮಾನನಿದ್ದ. ಇದಕ್ಕಿಂತ ನೇರವಾದ ದಾರಿ ಬೇಕೆ?

ಮೇಲಾಗಿ ಅವನ ಮೇಲೆ ಅನುಮಾನ ಪಡಲು ಕಾರಣವೂ ಇತ್ತು. ನೇಯ್ದ ಪ್ರತಿ ಬಟ್ಟೆಯ ಮೂಲೆಯಲ್ಲೂ ಅವಳು ತನ್ನ ಬೆಕ್ಕನ್ನು ಗುರುತಿನಂತೆ ಕೂರಿಸುತ್ತಿದ್ದಳು. ಕೊಳ್ಳುವವರು ಬೆಕ್ಕಿನ ಹುಡುಗಿಯನ್ನೇ ಕೇಳಿಕೊಂಡು ಬರತೊಡಗಿದ್ದರು, ಅವಳು ಬೇರೆ ಕಡೆ ಹೋಗುವ ಯೋಚನೆಯಲ್ಲಿದ್ದಳು. ಮಹಡಿಯ ಮೇಲೆ ಅದನ್ನೇ ಕೇಳಿದ್ದಕ್ಕೆ ಯಜಮಾನ ಕನ್ನಡಕ ಮೇಜಿನ ಮೇಲೆ ಕುಕ್ಕಿ, ಹೋದರೆ ಹೋಗಲಿ ಎಂದು ನಾನೇ ಹೇಳಿದ್ದೆ ಎಂದು ಅರಚಿದ್ದ. ಅದು ಭಯವೋ ಕೋಪವೋ ತಿಳಿಯಲಿಲ್ಲ.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಏಣಿ ಕೋಣೆಯ ಒಂದು ಮೂಲೆಯಲ್ಲಿದ್ದರೆ, ಅವಳ ಫೋನು ಮುಖದ ಗಾಜು ಬಿರುಕುಬಿಟ್ಟು ಇನ್ನೊಂದು ಮೂಲೆಯಲ್ಲಿ, ಹಿಂದಿನ ಓಣಿಯ ಕಿಟಕಿಯ ಕೆಳಗೆ ಬಿದ್ದಿತ್ತು. ಬೀಳುವಾಗ ಕೈಯಿಂದ ಹಾರಿರಬೇಕು ಎಂದಿದ್ದರು ಪೊಲೀಸರು. ಒಂದು ಕೈಯಲ್ಲಿ ಲಡಿಯನ್ನು ಬಿಡದವಳು ಇನ್ನೊಂದು ಕೈಯಿಂದ ಫೋನನ್ನು ಅಷ್ಟು ದೂರ ಎಸೆದಳೇ?

ಹೀಗೆ ಯೋಚಿಸುತ್ತಾ ಕೂತಿದ್ದವಳು ತಲೆಯೆತ್ತಿದೆ. ಮೊದಲ ಬಾರಿಗೆ ನಾನು ಮಗ್ಗವನ್ನು ನೇಯುವವರ ಜಾಗದಿಂದ ನೋಡುತ್ತಿದ್ದೆ.

ಚಿತ್ರದ ಬಟ್ಟೆಯನ್ನು ಹಿಂದಿನಿಂದ ನೇಯುತ್ತಾರೆ. ಇದು ನನಗೆ ಗೊತ್ತಿತ್ತು, ಆದರೆ ಕಂಡಿರಲಿಲ್ಲ. ಹಾಸಿನ ದಾರಗಳು ಮೇಲಿನಿಂದ ಕೆಳಗೆ ಬಿಗಿದು ನಿಂತಿರುತ್ತವೆ. ನೇಯುವವನು ಅದರ ಹಿಂದೆ ಬೆಂಚಿನ ಮೇಲೆ ಕೂರುತ್ತಾನೆ. ಗಂಟು, ತುದಿ, ಜೋತಾಡುವ ದಾರ ಎಲ್ಲ ಅವನ ಕಡೆ, ಚೆಂದವೆಲ್ಲ ಆಚೆ ಕಡೆ. ಆಚೆ ಗೋಡೆಗೆ ಒಂದು ದೊಡ್ಡ ಕನ್ನಡಿ. ಇನ್ನೂ ನೇಯದ ದಾರಗಳ ಸಂದಿನಿಂದ ಆ ಕನ್ನಡಿಯಲ್ಲಿ ಇಣುಕಿ ಮುಂಭಾಗ ಹೇಗೆ ಬರುತ್ತಿದೆ ಎಂದು ನೋಡಿಕೊಳ್ಳಬೇಕು. ನನ್ನ ಕಣ್ಣಿಗೆ ಕನ್ನಡಿ ಎಲ್ಲಿ ಕಾಣಬೇಕು, ದಾರ ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಾವನ ಕಣ್ಣು ಮಾತ್ರ ದಾರವೇ ಇಲ್ಲವೆಂಬಂತೆ ತೂರಿಹೋಗುತ್ತಿತ್ತು.

ನನ್ನ ಮುಂದೆ ಬಟ್ಟೆಯ ಕೆಳಮೂಲೆಯಲ್ಲಿ ಬೆಕ್ಕು ಕೂತಿತ್ತು. ಎರಡು ಕಿವಿ. ಒಂದು ಕಿವಿಯ ತುದಿ ಹರಿದಿದೆ. ಎಡಗಡೆಯ ಕಿವಿ.

ನನ್ನ ತೊಡೆಯ ಮೇಲಿನ ಸ್ಪೀಕರಿನಲ್ಲೂ ಬೆಕ್ಕು. ಚಾರ್ಜ್ ಇಲ್ಲದೆ ಕಪ್ಪಾಗಿದ್ದ ಅದನ್ನು ನಿನ್ನೆ ಚಾರ್ಜರಿಗೆ ಸಿಕ್ಕಿಸಿದಾಗ ಆ ಸಂಜೆಯ ಕೊನೆಯ ಚಿತ್ರ ತಾನಾಗಿ ಮೂಡಿತ್ತು. ಕಣ್ಣು ಮುಚ್ಚಿದೆ. ಹರಿದದ್ದು ಎಡಗಡೆಯ ಕಿವಿ.

ನಾನು ಎದ್ದೆ. ಕಾಲು ಜೋಮು ಹಿಡಿದಿದೆ, ಸ್ವಲ್ಪ ಓಡಾಡ್ತೀನಿ ಎಂದು ಮಾವನಿಗೆ ಹೇಳಿ, ಸ್ಪೀಕರನ್ನು ಮಗ್ಗದ ಕೊನೆಯಲ್ಲಿದ್ದ ಸ್ಟೂಲಿನ ಮೇಲೆ ಇಟ್ಟು, ಕುಂಟುತ್ತಾ ಸುತ್ತುಹಾಕಿ ಬಟ್ಟೆಯ ಮುಂಭಾಗಕ್ಕೆ ಹೋದೆ. ಅಲ್ಲಿ ಬೆಕ್ಕಿನ ಬಲಗಡೆಯ ಕಿವಿ ಹರಿದಿತ್ತು. ಅಕ್ಕ ತನ್ನ ಫೋನಿನಲ್ಲಿ ತೋರಿಸಿದ್ದ ಹಳೆಯ ಬೆಕ್ಕುಗಳ ಫೋಟೋಗಳಲ್ಲೂ ಬಲಗಡೆಯದೇ. ಅದು ಅವರಿಬ್ಬರ ಬಾಲ್ಯದ ಬೆಕ್ಕಂತೆ, ನಾಯಿಯ ಜತೆ ಕಾದಾಡಿ ಕಿವಿ ಕಳೆದುಕೊಂಡಿತ್ತಂತೆ. ತಂಗಿ ನಿದ್ದೆಗಣ್ಣಿನಲ್ಲಿ ಬರೆದರೂ ಆ ಕಿವಿ ತಪ್ಪುತ್ತಿರಲಿಲ್ಲ ಎಂದು ಅಕ್ಕ ಹೇಳಿದ್ದಳು. ಈ ಕೊನೆಯ ಬೆಕ್ಕನ್ನು ಮಾತ್ರ ಹತ್ತಿರದಿಂದ ನೋಡಲು ಅವಳು ಒಪ್ಪಿರಲಿಲ್ಲ. ನನ್ನ ಕಣ್ಣಿಗೆ ಅದನ್ನ ತೋರಿಸಬೇಡಿ ಎಂದು ಮುಖ ತಿರುಗಿಸಿದ್ದಳು.

ಬೆನ್ನ ಹಿಂದೆ ಕನ್ನಡಿ ಇತ್ತು. ತಿರುಗಿ ನೋಡಿದೆ. ಕನ್ನಡಿಯ ಬೆಕ್ಕಿಗೂ ಎಡಗಡೆಯ ಕಿವಿಯೇ ಹರಿದಿತ್ತು.

ಅಂದರೆ ಈ ಬೆಂಚಿನ ಮೇಲೆ ಕೂತವನಿಗೆ ನೇರವಾಗಿ ನೋಡಿದರೂ ಎಡ, ಕನ್ನಡಿಯಲ್ಲಿ ನೋಡಿದರೂ ಎಡ. ವರ್ಷಗಟ್ಟಲೆ ಅದೇ ಬೆಕ್ಕನ್ನು ದಾರ ದಾರವಾಗಿ ನೇಯ್ದವನ ಬೆರಳಿಗೆ ಅದರ ಹರಿದ ಕಿವಿ ಎಡಕ್ಕೇ. ಮುಂದೆ ನಿಂತು ಕಣ್ತುಂಬ ನೋಡೋಣ ಎನ್ನುವಷ್ಟರಲ್ಲಿ ಬಟ್ಟೆ ಸುತ್ತಿಕೊಂಡು ಗಾಡಿ ಹತ್ತಿರುತ್ತದೆ. ಮೇಲೆ ಕೂತ ಯಜಮಾನ ಈ ಬೆಂಚಿನ ಮೇಲೆ ಒಂದು ದಿನವೂ ಕೂತವನಲ್ಲ.

ನಾನು ಹಿಂತಿರುಗಿ ಬಂದು ಮೊದಲಿನ ಜಾಗದಲ್ಲೇ ಕೂತೆ. ಮುಖದಲ್ಲಿ ಏನೂ ಕಾಣದ ಹಾಗೆ ನೋಡಿಕೊಂಡೆ. ಮಾವ ನೀಲಿ ದಾರ ತೂರಿಸಿ, ಬಾಚಣಿಗೆಯಂಥ ಮರದ ಹಲ್ಲಿನಿಂದ ಟಕ್ ಟಕ್ ಎಂದು ಅದುಮುತ್ತಿದ್ದರು. ಚೌಕಗಳ ಹಾಳೆಯೊಂದು ಬೆಂಚಿನ ಮೇಲೇ ಇತ್ತು.

ನನ್ನ ಅಕ್ಕನ ಮಗಳಿಗೆ ಬೆಕ್ಕೆಂದರೆ ಪ್ರಾಣ, ಆ ಹುಡುಗಿಯ ನೆನಪಿಗೆ ಒಂದು ಬೆಕ್ಕು ಬರೆದುಕೊಡ್ತೀರಾ ಮಾವ, ನನಗೆ ಗೆರೆ ಎಳೆಯಲೂ ಬರಲ್ಲ ಎಂದೆ. ನನಗೆ ಅಕ್ಕನೇ ಇಲ್ಲ. ಅವರು ನಕ್ಕು, ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಒಂದು ಕಡೆಯಿಂದ ಸರಸರ ಚೌಕ ತುಂಬುತ್ತಾ ಹೋದರು. ಒಮ್ಮೆಯೂ ತಡೆಯಲಿಲ್ಲ, ಒಮ್ಮೆಯೂ ಬಟ್ಟೆಯ ಕಡೆ ನೋಡಲಿಲ್ಲ.

ಹರಿದ ಕಿವಿ ಎಡಕ್ಕೆ ಬಂತು.

ಇಲ್ಲಿಯವರೆಗೆ ಬಹುವಚನ ಕೊಟ್ಟದ್ದು ಸಾಕು. ಇನ್ನು ಮುಂದೆ ನಾನು ಅವನನ್ನು ಅವನು ಎಂದೇ ಬರೆಯುತ್ತೇನೆ.

ಕೈ ಚಾಚಿ ಹಾಳೆಯನ್ನು ಸ್ಟೂಲಿನ ಮೇಲಿದ್ದ ಸ್ಪೀಕರಿನ ಪಕ್ಕದಲ್ಲಿ ಹಿಡಿದೆ. “ಎರಡೂ ಒಂದೇ ಕೈ ಅಲ್ವಾ ಮಾವ?”

ಅವನ ಬಾಚಣಿಗೆ ಗಾಳಿಯಲ್ಲೇ ನಿಂತಿತು. ಸ್ಪೀಕರ್ ನೋಡಿದ, ಹಾಳೆ ನೋಡಿದ, ಮುಂದಿನ ಬಟ್ಟೆ ನೋಡಿದ. ಅವನ ತಲೆಯಲ್ಲಿ ಬೆಕ್ಕು ತಿರುಗಿ ಕೂತದ್ದು ನನಗೆ ಕಂಡಿತು. ಅಳುವವರನ್ನು ನಾನು ತುಂಬ ನೋಡಿದ್ದೇನೆ. ಈ ಮನುಷ್ಯ ಅವಳನ್ನು ಮಣ್ಣು ಮಾಡುವ ದಿನ ಎಲ್ಲರಿಗಿಂತ ಜೋರಾಗಿ ಅತ್ತಿದ್ದ, ಅಕ್ಕನ ತಲೆ ಸವರಿ ಸಮಾಧಾನ ಹೇಳಿದ್ದ. ಅದು ನೆನಪಾಗಿ ಹಲ್ಲು ಕಡಿದೆ.

“ನೀನು ಮುಂಬಾಗಿಲಲ್ಲಿ ಹೋದೆ, ಅಕ್ಕಂಗೆ ಕೈಯೆತ್ತಿದೆ, ಸುತ್ತಿಕೊಂಡು ಹಿಂದಿನ ಓಣಿಗೆ ಬಂದೆ. ಅವಳ ಫೋನು ನಿನ್ನ ಜೇಬಲ್ಲಿತ್ತು. ಗೋಡೆ ಆಚೆ ನಿಂತು ಬೆಕ್ಕು ಬರೆದು, ಫೋನನ್ನ ಕಿಟಕಿಯಿಂದ ಒಳಗೆ ಎಸೆದೆ. ಇನ್ನು ನೀನು ಹೇಳು.”

ಫೋನಿನ ಬೀಗ ತೆಗೆಯುವುದು ಇಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಬಣ್ಣದ ಕೈಯಲ್ಲಿ ಹಾಡು ಬದಲಿಸಲಾಗದೆ ಅವಳೇ ದಿನಕ್ಕೆ ಹತ್ತು ಸಲ, ಮಾವ, ಮುಂದಿನ ಹಾಡು ಹಾಕು ಎನ್ನುತ್ತಿದ್ದಳು. ಆ ಸಲುಗೆಯೇ ಅವಳಿಗೆ ಮುಳುವಾಯಿತು.

ಅವನು ಬಾಚಣಿಗೆಯನ್ನು ತೊಡೆಯ ಮೇಲೆ ಮೆಲ್ಲಗೆ ಇಟ್ಟುಕೊಂಡ. ಬೈಯುತ್ತಾನೆ, ಇಲ್ಲವೇ ಕಾಲಿಗೆ ಬೀಳುತ್ತಾನೆ ಎಂದು ಕಾದೆ. ಎರಡೂ ಮಾಡಲಿಲ್ಲ. ನನ್ನ ಹಿರಿಯಣ್ಣ ಹಳೇ ಕಥೆ ಹೇಳುವಾಗ ತೆಗೆಯುವಂಥದೇ ದನಿ ತೆಗೆದ.

“ಬೆಕ್ಕು ಹುಡುಕ್ತಾರೆ ಪತ್ತೇದಾರಮ್ಮ. ಅಷ್ಟು ದೊಡ್ಡ ಬಟ್ಟೆ ಮುಂದೆ ನಿಂತ್ಕೊಂಡು, ಬೆಕ್ಕೆಲ್ಲಿ ಬೆಕ್ಕೆಲ್ಲಿ ಅಂತ. ಸಿಕ್ಕಿದ ತಕ್ಷಣ ಅವಳ ಕೈ ಕುಲುಕ್ತಾರೆ. ನಾನು ಹಿಂದೆ ಕೂತಿರ್ತೀನಿ. ನನ್ನ ಕಾಲು ಕಾಣುತ್ತೆ ಅಷ್ಟೆ, ಬಟ್ಟೆ ಕೆಳಗೆ. ನಾನೂ ಒಂದು ಗುರುತು ಹಾಕ್ತಿದ್ದೆ. ಹಿಂಭಾಗದಲ್ಲಿ, ಯಾರಿಗೂ ಕಾಣದ ಕಡೆ, ಕೆಂಪು ದಾರದ ಒಂದು ಗಂಟು. ನನ್ನ ಅಪ್ಪನೂ ಹಾಕ್ತಿದ್ರು. ಒಂದಿನ ಬಂದೋರಿಗೆಲ್ಲ ಬಟ್ಟೆ ಮಗುಚಿ ತೋರಿಸ್ತಾ, ಮಾವಂಗೆ ವಯಸ್ಸಾಯ್ತು, ಗಂಟು ಬಿಡ್ತಾರೆ ಅಂತ ನಕ್ಕಳು. ಕತ್ತರೀಲಿ ಕಚಕ್ ಅಂತ ಕತ್ತರಿಸಿ ಹಾಕಿದ್ಲು.”

“ಅವಳಿಗೆ ಗೊತ್ತಿರ್ಲಿಲ್ಲ.”

“ಕೇಳ್ಲೂ ಇಲ್ಲ.”

ಅದಕ್ಕೆ ಕೊಂದೆಯಾ ಎಂದು ಕೇಳುವಾಗ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಒಂದು ಗಂಟಿಗೆ ಒಂದು ಜೀವ. ಎದ್ದು ಆ ಬಾಚಣಿಗೆಯಿಂದಲೇ ಅವನ ಬಾಯಿಗೆ ಬಾರಿಸಬೇಕು ಎನಿಸಿತು. ಬಾರಿಸಲಿಲ್ಲ, ಅವನು ಇನ್ನೂ ಮಾತಾಡಬೇಕಿತ್ತು.

ಮಾತಾಡಿದ. ಅವಳು ನೀಲಿ ಲಡಿ ತೆಗೆಯಲು ಏಣಿ ಹತ್ತಿದಾಗ ಏಣಿಯನ್ನು ಎಳೆದದ್ದು ತಾನೇ ಎಂದ. ಬಿದ್ದಳು, ಹಿಮ್ಮಡಿಯ ಗಂಟು ಹೊರಳಿತು, ಏಳಲಾರದೆ ಹೋದಳು. ಅವಳು ಕೂಗತೊಡಗಿದಾಗ ಹಾಡನ್ನು ಜೋರು ಮಾಡಿದ. ಆ ಕೋಣೆಯ ನಾಲ್ಕೂ ಗೋಡೆಗೆ ಉಣ್ಣೆಯ ಮೂಟೆ. ಕೂಗು ಅಲ್ಲೇ ಇಂಗಿಹೋಯಿತು. ಹೊರಗಿನಿಂದ ಚಿಲಕ ಹಾಕಿಕೊಂಡು ನಡೆದ. ಆಮೇಲೆ ಎಸೆದ ಫೋನೂ ಏಳಲಾರದವಳ ಕೈಗೆ ಎಟುಕದ ಮೂಲೆಗೆ ಬಿದ್ದಿತ್ತು.

ಅಕ್ಕ ನನಗೆ ಹೇಳಿದ್ದ ಮಾತು ಆಗ ನೆನಪಾಗಿ ನನ್ನ ಮೈ ಉರಿಯಿತು. ಆ ಸಂಜೆ ಹಾಡು ಎಂದಿಗಿಂತ ಜೋರಾಗಿತ್ತು, ಇವತ್ತು ತಂಗಿ ಖುಷಿಯಾಗಿದ್ದಾಳೆ ಅಂದುಕೊಂಡು ತಾನೂ ಯಂತ್ರ ತುಳಿಯುತ್ತಾ ಗುನುಗಿದೆ ಎಂದಿದ್ದಳು. ಆಮೇಲೆ ಬೆಕ್ಕು ಕಂಡಿತು, ಅಂಗಡಿ ಮುಚ್ಚಿದಳು. ತಂಗಿ ಬದುಕಿದ್ದಳು, ಒಂದು ರಸ್ತೆಯಷ್ಟು ದೂರದಲ್ಲಿ ಅಕ್ಕನನ್ನು ಕೂಗುತ್ತಿದ್ದಳು. ಆ ಬೆಕ್ಕನ್ನು ಈ ಪಾಪಿ ಬರೆದದ್ದೇ ಅಕ್ಕ ರಸ್ತೆ ದಾಟಿ ಬರದಿರಲಿ ಎಂದು.

“ಒಂದು ರಾತ್ರಿ ಅಷ್ಟೆ” ಎಂದ ಅವನು. “ನಾನು ಇಷ್ಟು ವರ್ಷ ಬಟ್ಟೆ ಹಿಂದೆ ಕತ್ತಲಲ್ಲಿ ಕೂತೆ, ನೀನೊಂದು ರಾತ್ರಿ ಕೂತು ನೋಡು ಅಂತ. ಬೆಳಿಗ್ಗೆ ನಾನೇ ಬಂದು ಚಿಲಕ ತೆಗೀತಿದ್ದೆ. ತಲೆಗೆ ಏನೂ ಆಗಿರ್ಲಿಲ್ಲ ಅವಳಿಗೆ. ಕೂತ್ಕೊಂಡು ನನ್ನ ಬೈತಾ ಇದ್ಲು. ಬೆಳಿಗ್ಗೆ ಬಂದ್ರೆ ಚಿಲಕ ತೆಗೆದಿತ್ತು, ತಲೆ ಒಡೆದಿತ್ತು.”

ನಂಬಬೇಕೆ? ಸಿಕ್ಕಿಬಿದ್ದವರೆಲ್ಲ ಅರ್ಧ ಒಪ್ಪಿಕೊಂಡು ಮಿಕ್ಕರ್ಧವನ್ನು ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ಆದರೆ ಹೆಣದ ಹಿಮ್ಮಡಿ ಊದಿಕೊಂಡಿತ್ತು ಎಂಬುದು ಡಾಕ್ಟರ ವರದಿಯಲ್ಲಿತ್ತು. ಪ್ರಾಣ ಹೋದ ಮೈಯಲ್ಲಿ ಪೆಟ್ಟು ಹಾಗೆ ಊದುವುದಿಲ್ಲ. ಬಿದ್ದ ಮೇಲೂ ಅವಳು ಒಂದಷ್ಟು ಹೊತ್ತು ಬದುಕಿದ್ದದ್ದು ನಿಜ.

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ. ದಾರಗಳ ಕಡೆ ನೋಡುತ್ತಿದ್ದ. ನಾಚಿಕೆಯಿಂದ ಎಂದುಕೊಂಡೆ. ನನ್ನ ದಡ್ಡತನಕ್ಕೆ ಏನು ಹೇಳಲಿ.

“ಹಿಂದಿನ ಓಣಿಯಲ್ಲಿ ನಿಂತಿದ್ದೆನಲ್ಲ, ಫೋನು ಎಸೆದು ಇನ್ನೇನು ಹೊರಡ್ಬೇಕು” ಎಂದ. ಅವನ ದನಿ ಸ್ವಲ್ಪ ಏರಿತು, ದೂರದಲ್ಲಿದ್ದವರಿಗೂ ಕೇಳಲಿ ಎನ್ನುವಷ್ಟು. “ಹಾಡು ನಿಂತಿತ್ತಲ್ಲ, ಅವಳ ಕೂಗು ಮೇಲೆ ಹೋಗಿರ್ಬೇಕು. ಮೆಟ್ಟಿಲು ಇಳಿದ ಸದ್ದಾಯ್ತು. ಚಿಲಕ ತೆಗೆದ ಸದ್ದಾಯ್ತು. ಅಬ್ಬ, ಬಂದ್ರಲ್ಲ ಸಾರ್ ಅಂದ್ಲು ಪಾಪ. ನನ್ನ ಕಿವಿಯಾರೆ ಕೇಳಿದೆ. ಆಮೇಲೆ ಅವಳ ದನಿ ಬರ್ಲಿಲ್ಲ. ಅವಳು ಸಾರ್ ಅಂತ ಕರೀತಿದ್ದದ್ದು ಇಲ್ಲಿ ಒಬ್ಬರನ್ನೇ.”

ಹೇಳಿ ಮುಗಿಸಿದವನು ದಾರಗಳ ಕಡೆ ನೋಡುತ್ತಲೇ ಮುಗುಳ್ನಕ್ಕ.

ಆಗ ತಿಳಿಯಿತು. ಅವನು ದಾರ ನೋಡುತ್ತಿರಲಿಲ್ಲ. ದಾರದ ಸಂದಿನಿಂದ ಕನ್ನಡಿ ನೋಡುತ್ತಿದ್ದ. ಆ ಕನ್ನಡಿಯಲ್ಲಿ ಬಟ್ಟೆಯ ಮುಂಭಾಗದ ಜತೆಗೆ ನಮ್ಮಿಬ್ಬರ ಬೆನ್ನ ಹಿಂದಿನದೂ ಕಾಣುತ್ತದೆ. ನಮ್ಮ ಬೆನ್ನ ಹಿಂದೆ ಮುಂಬಾಗಿಲು. ಬಾಗಿಲ ಪಕ್ಕದಲ್ಲೇ ಮಹಡಿಯ ಮೆಟ್ಟಿಲು.

ತಿರುಗಿದೆ. ಬಾಗಿಲು ತೆರೆದಿತ್ತು, ಅಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲಿನ ಮೇಲೆ ಹಳದಿ ಬಣ್ಣದ ಅಳತೆಯ ಟೇಪು ಸುರುಳಿ ಬಿಚ್ಚಿಕೊಂಡು ಬಿದ್ದಿತ್ತು. ಅದನ್ನು ಕೊರಳಿನಿಂದ ಇಳಿಸದೆ ಓಡಾಡುವ ಹೆಂಗಸು ಈ ರಸ್ತೆಯಲ್ಲಿ ಒಬ್ಬಳೇ. ಕೆಲಸ ಬಿಡುವ ಹೊತ್ತಿಗೆ ಬನ್ನಿ, ಹೆಸರು ಹೇಳ್ತೀನಿ ಎಂದು ಅವಳನ್ನು ಕರೆದವಳು ನಾನು. ಹೆಸರನ್ನು ಹೇಳಿದವನು ಅವನು.

“ಎಷ್ಟು ಹೊತ್ತಿಂದ ನಿಂತಿದ್ದಳು ಅವಳು?”

“ಈಗ ಬಂದ್ಲು. ಬೆಳಿಗ್ಗೆ ಬಂದ್ರೆ ತಲೆ ಒಡೆದಿತ್ತು ಅಂದೆನಲ್ಲ, ಆಗ” ಎಂದ. ತಾನು ಆಡಿದ ಏಣಿಯ ಮಾತು ಅವಳಿಗೆ ಕೇಳಿಸಲಿಲ್ಲ ಎಂಬ ನೆಮ್ಮದಿ ಆ ದನಿಯಲ್ಲಿತ್ತು. ಅವನು ಬಾಚಣಿಗೆ ಎತ್ತಿಕೊಂಡು ಮತ್ತೆ ಟಕ್ ಟಕ್ ಎಂದು ದಾರ ಅದುಮತೊಡಗಿದ. ಯಜಮಾನ ನಿಜಕ್ಕೂ ಇಳಿದು ಬಂದಿದ್ದನೋ, ಇಲ್ಲವೇ ಕನ್ನಡಿಯಲ್ಲಿ ಅಕ್ಕನನ್ನು ಕಂಡು ಇವನು ಆ ಕ್ಷಣಕ್ಕೆ ನೇಯ್ದ ಸುಳ್ಳೋ, ನನಗೆ ತಿಳಿಯಲಿಲ್ಲ. ಸುಳ್ಳಾಗಿದ್ದರೆ ಏನೂ ಮಾಡದ ಒಬ್ಬ ಮನುಷ್ಯ ಮೇಲೆ ಕೂತಿದ್ದಾನೆ, ನನ್ನ ಮಾತು ನಂಬಿದ ಒಬ್ಬ ಹೆಂಗಸು ಕೊಲೆಗಾರ್ತಿಯಾಗಲು ಮೆಟ್ಟಿಲು ಹತ್ತಿದ್ದಾಳೆ.

ಮಂಡಿಯನ್ನು ಮರೆತು ಓಡಿದೆ. ಮೆಟ್ಟಿಲ ಬುಡಕ್ಕೆ ಬಂದಾಗ ಮಗ್ಗದ ಕೊನೆಯ ಸ್ಟೂಲಿನ ಮೇಲೆ ಏನೋ ಮಿನುಗಿದಂತಾಗಿ ಕಣ್ಣು ಅತ್ತ ಹೋಯಿತು.

ಸ್ಪೀಕರಿನ ಬೆಕ್ಕು ಇರಲಿಲ್ಲ. ಚೌಕಗಳೆಲ್ಲ ಕಪ್ಪಾಗಿದ್ದವು. ನೋಡುತ್ತಿದ್ದ ಹಾಗೇ ಒಂದು ಚೌಕ ಹೊತ್ತಿಕೊಂಡಿತು, ಅದರ ಪಕ್ಕ ಇನ್ನೊಂದು. ಪೊಲೀಸರು ಹಿಂತಿರುಗಿಸಿದ್ದ ತಂಗಿಯ ಫೋನು ಅಕ್ಕನ ಬಳಿಯೇ ಇತ್ತು. ಮೇಲೆ ನಿಂತು ಅವಳು ಬರೆಯುತ್ತಿದ್ದಳು.

ಅವಸರವಿರಲಿಲ್ಲ ಆ ಕೈಗೆ. ಮೊದಲು ತಲೆ ಬಂತು. ಆಮೇಲೆ ಎಡಗಡೆಯ ಕಿವಿ, ಪೂರ್ತಿ. ಆಮೇಲೆ ಬಲಗಡೆಯ ಕಿವಿ, ತುದಿ ಹರಿದದ್ದು. ಕಣ್ಣುಗಳು ತೆರೆದಿದ್ದವು.

ಕಂಬಿ ಹಿಡಿದು ಹತ್ತಿದೆ. ಬೇಡ, ನಿಲ್ಲಿ, ಅವನಲ್ಲ, ಇನ್ನೂ ಗೊತ್ತಿಲ್ಲ ಎಂದು ಏದುಸಿರಿನಲ್ಲಿ ಕೂಗಿದೆ. ಮೇಲಿನ ಬಾಗಿಲು ಒಳಗಿನಿಂದ ಹಾಕಿತ್ತು. ಭುಜ ಕೊಟ್ಟು ನೂಕಿದೆ, ಅಲುಗಲಿಲ್ಲ. ಒಳಗೆ ಯಜಮಾನನ ದನಿ ಕೇಳಿಸಿತು.

“ಹೌದಮ್ಮ, ಇಳಿದು ಬಂದಿದ್ದೆ. ನಾನು ಹೇಳೋದು ಸ್ವಲ್ಪ...”

ಮಾತು ಅಲ್ಲಿಗೆ ನಿಂತಿತು. ಕುರ್ಚಿ ಉರುಳಿದ ಸದ್ದು. ಆಮೇಲೆ ಕೆಳಗಿನಿಂದ ಬರುತ್ತಿದ್ದ ಟಕ್ ಟಕ್ ಮಾತ್ರ ಉಳಿಯಿತು.

ಬಾಗಿಲನ್ನು ಬಡಿಯುತ್ತಲೇ ತಿರುಗಿ ಕೆಳಗೆ ನೋಡಿದೆ. ಸ್ಟೂಲಿನ ಮೇಲೆ ಬೆಕ್ಕು ಒಂದು ಕಣ್ಣು ಮುಚ್ಚಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದನ್ನೂ ಮುಚ್ಚಿತು.